ಅಪ್ಪ, ಈ ಪ್ಯಾರಾ ಹಾರಿಸಬೇಡಿ

ನ್ಯೂಕ್ಯಾಸಲ್, ಇಂಗ್ಲೆಂಡ್, ಶನಿವಾರ ರಾತ್ರಿ

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ. ನಾನು ಕ್ಷೇಮ. ಅಮ್ಮ, ಸುಮಾ ಕೈಲಿ ಬರೆಸಿದ ನಿನ್ನ ಕಾಗದ ಬುಧವಾರ ಬಂತು. ನನ್ನ ಓಟದ ಫೋಟೋ ನೋಡಿ, ಬಿದ್ದು ಆಸ್ಪತ್ರೆ ಸೇರಿದ್ದೇನೆ ಅಂತ ಹೆದರಿದ್ದೀಯ.

ನಾನು ಎಲ್ಲೂ ಬಿದ್ದಿಲ್ಲಮ್ಮ. ಫೋಟೋದಲ್ಲಿ ಮೈಮೇಲೆ ಹೊದ್ದಿರುವುದು ಆಸ್ಪತ್ರೆಯದ್ದಲ್ಲ. ಬೆವರಿದ ಮೈಗೆ ಸಮುದ್ರದ ಗಾಳಿ ಬಡಿದು ಚಳಿ ಹಿಡಿಯದಿರಲಿ ಅಂತ ಕೊಟ್ಟ ಬೆಳ್ಳಿ ಬಣ್ಣದ ಹಾಳೆ ಅದು. ಕುಂಟುತ್ತಿದ್ದೆ ಅಂತ ಗುಂಡಮಾವ ಹೇಳಿದ್ದೂ ಪೂರ್ತಿ ನಿಜ ಅಲ್ಲ. ಒಂದು ಹೆಬ್ಬೆರಳಿನ ಉಗುರು ಕಪ್ಪಗಾಗಿದೆ, ಅಷ್ಟೇ. ಓಡುವವರಿಗೆಲ್ಲ ಆಗುತ್ತದೆ. ನೋವೇ ಇಲ್ಲ. ಬಹುತೇಕ ಇಲ್ಲ.

ಇದು ಸುಮ್ನೆ ಹುಡುಗಾಟದ ಓಟ ಅಲ್ಲ. ಗ್ರೇಟ್ ನಾರ್ತ್ ರನ್ ಅಂತ. 1981ರಲ್ಲಿ ಬ್ರೆಂಡನ್ ಫಾಸ್ಟರ್ ಅನ್ನುವ ಇಲ್ಲಿಯದೇ ಓಟಗಾರ ಶುರು ಮಾಡಿದ್ದು. ಈಗ ಸುಮಾರು 60 ಸಾವಿರ ಜನ ಓಡುತ್ತಾರೆ. ಊರೊಳಗಿಂದ ಹೊರಟು, ಟೈನ್ ನದಿಯ ಸೇತುವೆ ದಾಟಿ, ಸೌತ್ ಶೀಲ್ಡ್ಸ್ ಕಡಲ ದಂಡೆವರೆಗೆ 21 ಕಿಲೋಮೀಟರ್. ಮೈಸೂರಿಂದ ಹೊರಟವನು ನಂಜನಗೂಡು ಇನ್ನೇನು ಬಂತು ಅನ್ನುವಾಗ ನಿಂತ ಹಾಗೆ. ಗೆದ್ದವರಿಗೆ ಒಂದು ಗಂಟೆ ಸಾಕು. ನನಗೆ ಎರಡು ಗಂಟೆ ಮೂವತ್ತೆಂಟು ನಿಮಿಷ ಹಿಡಿಯಿತು. ಕೊನೆಯಲ್ಲಿ ಜಾನ್ ರೀಡ್ ರಸ್ತೆ ಅಂತ ಒಂದು ಏರು, ಮುಗಿಯುವುದೇ ಇಲ್ಲ. ಅಲ್ಲಿ ನಡೆದೆ, ಸುಳ್ಳು ಯಾಕೆ ಹೇಳಲಿ. ಬಾಳೆಹಣ್ಣಿನ ವೇಷದವನೊಬ್ಬ ನನ್ನನ್ನು ಹಿಂದೆ ಹಾಕಿ ಹೋದ.

ರಸ್ತೆ ಕೆಳಗಿನ ಸುರಂಗದಲ್ಲಿ ಒಬ್ಬ 'ಆಗಿ ಆಗಿ ಆಗಿ' ಅಂತ ಕೂಗಿದರೆ ಉಳಿದವರೆಲ್ಲ 'ಒಯ್ ಒಯ್ ಒಯ್' ಅನ್ನಬೇಕು. ನಮ್ಮ ಗೋವಿಂದಾ ಗೋವಿಂದ ಇದ್ದ ಹಾಗೆ. ಮನೆಗಳವರು ಬಾಗಿಲಿಗೆ ಬಂದು ಕಿತ್ತಳೆ ತೊಳೆ ಕೊಡುತ್ತಾರೆ. ಗುರುತಿಲ್ಲದ ಅಜ್ಜಿಯೊಬ್ಬರು 'ಓಡು ಮರಿ' ಅನ್ನುವ ಧಾಟಿಯಲ್ಲಿ ಬೆನ್ನು ತಟ್ಟಿದರು. ಇಂಗ್ಲಿಷರಿಗೆ ಮಾತು ಬರಲ್ಲ ಅನ್ನುತ್ತೀಯಲ್ಲ, ಇವರನ್ನು ನೋಡಬೇಕು ನೀನು. ಇನ್ನೊಂದು, ನಾನು ಅಭ್ಯಾಸ ಮಾಡುವ ಟೌನ್ ಮೂರ್ ಮೈದಾನದಲ್ಲಿ ಹಸುಗಳು ಮೇಯುತ್ತವೆ. ನಗರದ ಮಧ್ಯೆ! ಹಳೇ ಕಾಲದಿಂದ ಬಂದ ಮೇಯಿಸುವ ಹಕ್ಕಂತೆ.

ಎದೆ ಮೇಲಿನ ನಂಬರ್ ಚೀಟಿ ಹಿಂದೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆಯುವ ಜಾಗ ಇರುತ್ತದೆ. ನಿನ್ನ ನಂಬರ್ ಬರೆದು ಹೊಡೆದುಹಾಕಿ ರೂಮಿನ ಹುಡುಗನದ್ದು ಬರೆದೆ. ಅವನ ಫೋನ್ ಹೊಡೆದುಕೊಳ್ಳಲಿಲ್ಲ, ಅಲ್ವಾ? ಮತ್ತೆ ಯಾಕೆ ಹೆದರಿಕೆ.

ಈಗ ಮುಖ್ಯವಾದದ್ದು. ಈ ಕಾಗದ ಗಟ್ಟಿಯಾಗಿ ಓದುತ್ತಿರುವವರು ಅಪ್ಪನೇ ಅಂತ ಗೊತ್ತು. ಅಪ್ಪ, ಈ ಪ್ಯಾರಾ ಹಾರಿಸಬೇಡಿ. ಅಮ್ಮ, ದನಿ ನಿಂತರೆ ಕಾಗದ ಕಿತ್ತು ಸುಮಾಗೆ ಕೊಡು.

ನಿನ್ನ ಕಾಗದದ ತುದಿಯಲ್ಲಿ ಸುಮಾ ಸಣ್ಣ ಅಕ್ಷರದಲ್ಲಿ ಎರಡು ಸಾಲು ಸೇರಿಸಿದ್ದಾಳೆ. ಟ್ಯಾಂಕ್ ನೋಡಲು ಮಹಡಿ ಹತ್ತಿದ ಅಪ್ಪನಿಗೆ ಏದುಸಿರು, ತಣ್ಣನೆ ಬೆವರು. ಗ್ಯಾಸ್ ಅಂತ ಜೀರಿಗೆ ನೀರು ಕುಡಿದು ಮಲಗಿದರಂತೆ. ಹದಿನೆಂಟು ಮೆಟ್ಟಿಲಪ್ಪ! ನಾನು 21 ಕಿಲೋಮೀಟರ್ ಓಡಿದ್ದಕ್ಕೆ ಮನೆಯವರೆಲ್ಲ ನಿದ್ದೆಗೆಟ್ಟಿರಿ, ಇದಕ್ಕೆ ಜೀರಿಗೆ ನೀರಾ? ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರಾಗಿಯೂ ಹೃದಯದ ತೊಂದರೆ ಕಾಣಿಸಬಹುದು. ಆಗಬೇಕಂತಲೇ ಇಲ್ಲ, ಆದರೆ ನೋಡಿಸದೆ ಗ್ಯಾಸ್ ಅಂತ ನೀವು ಹೇಗೆ ಹೇಳುತ್ತೀರಿ? ಸೋಮವಾರವೇ ಜಯದೇವಕ್ಕೆ ಹೋಗಿ. ಇಸಿಜಿ, ಎಕೋ ಮಾಡಿಸಿ. ಅಷ್ಟರೊಳಗೆ ಮತ್ತೆ ಹಾಗಾದರೆ ಸೋಮವಾರದವರೆಗೆ ಕಾಯಬೇಡಿ, ಆಗಲೇ ಹೊರಡಿ. ದುಡ್ಡು ಸುಮಾ ಅಕೌಂಟಿಗೆ ಹಾಕಿದ್ದೇನೆ. ನಿಮ್ಮದಕ್ಕೆ ಹಾಕಿದರೆ ಎಫ್‌ಡಿ ಮಾಡುತ್ತೀರಿ.

ಏನೂ ಇರಲ್ಲ ಅಮ್ಮ. ಖಂಡಿತ ಏನೂ ಇರಲ್ಲ. ಟ್ಯಾಂಕ್ ಮಾತ್ರ ಸುಮಾನೇ ನೋಡಲಿ.

ಬೆಳಗಿನ ಶಿಫ್ಟ್ ಇದೆ, ನಿಲ್ಲಿಸುತ್ತೇನೆ. ರಿಪೋರ್ಟ್ ಬಂದ ತಕ್ಷಣ ಫೋನ್ ಮಾಡಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ. ಉಗುರಿನ ವಿಷಯ ಗುಂಡಮಾವನಿಗೆ ಬೇಡ.

ನಿನ್ನ ಮಗ,
ಪ್ರಸಾದ