ಆ ದಿನ ನಮ್ಮ ಮಗಳಿಗೆ ಧೈರ್ಯ ತುಂಬಿದ ಮೇಡಂಗೆ

ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ ಅಂತ 1918ರಲ್ಲಿ ಲಂಡನ್ನಲ್ಲಿ ಶುರುವಾದ ಸಂಸ್ಥೆ, ಅದರ ಅಮೆರಿಕದ ಬ್ರಾಂಚ್‌ಗಳು 1983ರಿಂದ ಹೈಸ್ಕೂಲ್ ಮಕ್ಕಳಿಗೆ ಶೇಕ್ಸ್‌ಪಿಯರ್ ಸ್ಪರ್ಧೆ ನಡೆಸ್ತಾ ಬಂದಿವೆ. ಒಂದು ನಾಟಕದ ಮಾತು, ಒಂದು ಸಾನೆಟ್ (ಹದಿನಾಲ್ಕು ಸಾಲಿನ ಪದ್ಯ), ಎರಡೂ ಬಾಯಿಪಾಠ. ವೇಷ ಇಲ್ಲ, ಪ್ರಾಪ್ಸ್ ಇಲ್ಲ, ದನಿ ಮತ್ತು ಮೈ ಅಷ್ಟೇ.

ನಮ್ಮೂರ ಬ್ರಾಂಚ್ ಸ್ಪರ್ಧೆಗೆ ಮಗಳು ದಿ ಟೆಂಪೆಸ್ಟ್‌ನ ಮಿರಾಂಡಾ ಮಾತು ತಗೊಂಡಿದ್ಳು, ಹಡಗು ಮುಳುಗ್ತಿದೆ ಬಿರುಗಾಳಿ ನಿಲ್ಲಿಸಪ್ಪಾ ಅಂತ ತಂದೆಯನ್ನ ಬೇಡೋದು. ಕಾರಿಡಾರಲ್ಲಿ ನಾವು ಕನ್ನಡ ಮಾತಾಡ್ತಿದ್ದದ್ದು ಕೇಳಿ ರಿಜಿಸ್ಟ್ರೇಷನ್ ಟೇಬಲ್ ಹತ್ರ ಇದ್ದ ನೀವು ಎದ್ದು ಬಂದ್ರಿ. "ಸಾಲು ಮುಗಿದ ಕಡೆ ನಿಲ್ಲಬೇಡ ಪುಟ್ಟಿ, ಅರ್ಥ ಮುಗಿದ ಕಡೆ ಉಸಿರು ತಗೋ, ಎದುರಿಗೆ ಅಪ್ಪ ಇದಾನೆ ಅಂದ್ಕೊಂಡು ಹೇಳು" ಅಂದ್ರಿ, ಅಷ್ಟಕ್ಕೇ ಬಿಡದೆ ಕುವೆಂಪು ಇದೇ ನಾಟಕವನ್ನ ಬಿರುಗಾಳಿ ಅಂತ ಕನ್ನಡಕ್ಕೆ ತಂದಿದ್ದು, ಹ್ಯಾಮ್ಲೆಟ್ ರಕ್ತಾಕ್ಷಿ ಆಗಿದ್ದು ಎಲ್ಲ ಹೇಳಿದ್ರಿ, ಅವಳ ಮುಖದಲ್ಲಿದ್ದ ಹೆದರಿಕೆ ಅಲ್ಲೇ ಇಳೀತು. ಸ್ಟೇಜ್ ಮೇಲೆ ನಿಜವಾಗ್ಲೂ ಬೇಡ್ಕೊಂಡ್ಳು. ಬಹುಮಾನ ಬೇರೆ ಮಗುಗೆ ಹೋಯ್ತು, ಆ ಹುಡುಗನೂ ತುಂಬಾ ಚೆನ್ನಾಗಿ ಮಾಡಿದ.

ಇಂಥ ಸ್ಪರ್ಧೆ ನಡೆಯೋದೇ ನಿಮ್ಮಂಥ ವಾಲಂಟಿಯರ್‌ಗಳಿಂದ. ಗಡಿಬಿಡಿಯಲ್ಲಿ ಹೆಸರು ಕೇಳೋಕಾಗ್ಲಿಲ್ಲ ಮೇಡಂ. ತುಂಬು ಹೃದಯದ ಧನ್ಯವಾದ. ಮಗಳು ಈಗ ಬಿರುಗಾಳಿ ಓದ್ತಿದಾಳೆ, ಕಷ್ಟದ ಪದ ಬಂದಾಗ ಅವರಜ್ಜಿಗೆ ಫೋನ್ ಮಾಡ್ತಾಳೆ. ಇವರು ಯಾರು ಅಂತ ಗೊತ್ತಿರೋರು ದಯವಿಟ್ಟು ಇದನ್ನ ಅವರಿಗೆ ತಲುಪಿಸಿ.