ತಂಡದ ಆಟದಲ್ಲಿ ತಂಡವೇ ಇಲ್ಲ

ಮಾನ್ಯ ಸಂಪಾದಕರೇ,

ಕಾಲಾಳು ಪಡೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನಾನು, ಮೊನ್ನೆ ಮನೆಯ ಜಗಲಿಯಲ್ಲಿ ಅಣ್ಣನ ಮಗ ಹಾಗೂ ಅವನ ಮೂವರು ಗೆಳೆಯರು ಮೊಬೈಲಿನಲ್ಲಿ ಯುದ್ಧದ ಆಟ ಆಡುತ್ತಾ, ನಾಲ್ವರೂ ಒಮ್ಮೆಲೇ ಬಯಲಿಗೆ ನುಗ್ಗಿ ಅರೆಗಳಿಗೆಯಲ್ಲಿ ಸೋತದ್ದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಗುಂಡಿನ ದಾಳಿ ಮತ್ತು ಮುನ್ನಡೆ ಜೊತೆಜೊತೆಯಾಗಿ ಸಾಗಬೇಕೆಂಬುದು ಪದಾತಿ ದಳದ ಮೊದಲ ಪಾಠ. ಇಬ್ಬರು ಗುಂಡು ಹಾರಿಸುತ್ತಾ ಶತ್ರು ತಲೆ ಎತ್ತದಂತೆ ನೋಡಿಕೊಂಡಾಗ ಮಾತ್ರ ಉಳಿದಿಬ್ಬರು ಮುಂದಿನ ಆಸರೆಗೆ ಓಡಬೇಕು. ಅವರು ಅಲ್ಲಿ ನೆಲೆಯೂರಿ ಗುಂಡು ಹಾರಿಸತೊಡಗಿದ ಮೇಲೆ ಹಿಂದಿನವರು ಹೊರಡಬೇಕು. ಎದುರಾಳಿಗೆ ಗುರಿಯಿಡಲು ಸಮಯ ಸಿಗದಂತೆ ಪ್ರತಿ ಓಟವೂ 3ರಿಂದ 5 ಸೆಕೆಂಡಿನೊಳಗೆ ಮುಗಿಯಬೇಕು. ಅಮೆರಿಕದ ಸೇನೆಯ 9 ಜನರ ಸ್ಕ್ವಾಡಿನಲ್ಲಿ, ಅಂದರೆ ಚಿಕ್ಕ ತುಕಡಿಯಲ್ಲಿ, ಒಬ್ಬ ನಾಯಕನ ಕೆಳಗೆ ತಲಾ 4 ಜನರ ಎರಡು ತಂಡಗಳಿರುವುದರಿಂದ ಈ ಸರದಿ ಅವರಿಗೆ ಸುಲಭವಾಗುತ್ತದೆ.

ಮರೆಯೇ ಬೇರೆ, ಆಸರೆಯೇ ಬೇರೆ. ನಮ್ಮ ಸಕಲೇಶಪುರದ ಕಾಫಿ ತೋಟದಂಚಿನ ಲಂಟಾನದ ಪೊದೆ ಆಳನ್ನು ಮರೆಮಾಡುತ್ತದೆಯೇ ಹೊರತು ಗುಂಡನ್ನು ತಡೆಯುವುದಿಲ್ಲ. ದಪ್ಪನೆಯ ಕಲ್ಲುಗೋಡೆ ಎರಡನ್ನೂ ಮಾಡುತ್ತದೆ. ಆಟದ ಇನ್ನೊಂದು ಸುತ್ತಿನಲ್ಲಿ ಹುಡುಗರು ಪೊದೆಯ ಹಿಂದೆ ಒತ್ತೊತ್ತಾಗಿ ಕುಳಿತಿದ್ದರಿಂದ ಒಂದೇ ಗ್ರೆನೇಡಿಗೆ ಮೂವರು ಬಲಿಯಾದರು.

ಅದಕ್ಕಿಂತ ದೊಡ್ಡ ಕೊರತೆ ಮಾತಿನದು. ಒಬ್ಬ ಹುಡುಗ “ಅಲ್ಲಿದ್ದಾನೆ, ಅಲ್ಲಿದ್ದಾನೆ” ಎಂದು ಕೂಗುತ್ತಲೇ ಇದ್ದ, ಮೂವರೂ ಮೂರು ದಿಕ್ಕಿಗೆ ತಿರುಗಿದರು. “ಬಲಕ್ಕೆ, ನೂರು ಮೀಟರ್, ಹೆಂಚಿನ ಮನೆಯ ಕಿಟಕಿ” ಎಂದಿದ್ದರೆ ಸಾಕಿತ್ತು.

ಆಟಗಳ ಫಲಿತಾಂಶವನ್ನಷ್ಟೇ ಪ್ರಕಟಿಸದೆ, ಇಂತಹ ತಂತ್ರಗಳನ್ನೂ ತಮ್ಮ ಯುವ ಪುಟದಲ್ಲಿ ಚಿತ್ರಸಮೇತ ವಿವರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಯೋಧ, ಸಕಲೇಶಪುರ, ಹಾಸನ ಜಿಲ್ಲೆ