ಅಂಶ ಇದೆ, ಛೇದ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕೆಂಪು ಪೆನ್ನು ಬಿಟ್ಟಿಲ್ಲ. ಬೆಳಿಗ್ಗೆ ನಿಮ್ಮ ಪತ್ರಿಕೆ ಬಂದ ಕೂಡಲೇ ವಾಣಿಜ್ಯ ಪುಟ ಬಿಡಿಸಿಕೊಂಡು ಅದರ ಮೇಲೆ ಗೀಚುತ್ತಾ ಕೂರುತ್ತೇನೆ. "ಪೇಪರ್ ತಿದ್ದಿ ಯಾರಿಗೆ ಮಾರ್ಕ್ಸ್ ಕೊಡ್ತೀಯ?" ಅಂತ ಮನೆಯವರು ನಗುತ್ತಾರೆ. ಕಳೆದ ವಾರ ಆ ಪುಟದ ತಲೆಬರಹದ ಪಕ್ಕದಲ್ಲಿ ನಾನು ಬರೆದದ್ದು ಎರಡೇ ಪದ: ಛೇದ ಎಲ್ಲಿ? ಅದನ್ನೇ ಸ್ವಲ್ಪ ಬಿಡಿಸಿ ಹೇಳೋಣ ಅಂತ ಈ ಪತ್ರ.

ಷೇರು ಪೇಟೆಯ ಸೂಚ್ಯಂಕ ಇಷ್ಟು ಅಂಶ (ಪಾಯಿಂಟ್) ಕುಸಿಯಿತು ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಿರಿ. ಎಷ್ಟರಲ್ಲಿ ಅಷ್ಟು ಕುಸಿಯಿತು ಅನ್ನುವುದು ಸುದ್ದಿಯ ಆರನೇ ಪ್ಯಾರಾದಲ್ಲಿತ್ತು. ಅದೂ ಹುಡುಕಿದವರಿಗೆ. ಭಿನ್ನರಾಶಿಯಲ್ಲಿ ಮೇಲಿನದು ಅಂಶ, ಕೆಳಗಿನದು ಛೇದ. ಛೇದ ಬರೆಯದೆ ಉತ್ತರ ಕೊಟ್ಟವರಿಗೆ ನಾನು ಸೊನ್ನೆ ಹಾಕುತ್ತಿದ್ದೆ. ಪೇಟೆಯ ಅಂಶ ಬೇರೆ, ಗಣಿತದ ಅಂಶ ಬೇರೆ ಅಂತ ನನಗೂ ಗೊತ್ತು. ಆದರೂ ತಪ್ಪು ಒಂದೇ, ಅಲ್ವಾ?

ಅಮೆರಿಕದ ಡೌ ಜೋನ್ಸ್ ಸೂಚ್ಯಂಕವನ್ನೇ ನೋಡಿ. 2018ರ ಫೆಬ್ರುವರಿ 5ರಂದು ಅದು 1,175 ಅಂಶ ಇಳಿಯಿತು. ಒಂದೇ ದಿನದಲ್ಲಿ ಅಷ್ಟು ಅಂಶ ಅದಕ್ಕೂ ಮೊದಲು ಯಾವತ್ತೂ ಇಳಿದಿರಲಿಲ್ಲ. 'ಇತಿಹಾಸದಲ್ಲೇ ಅತಿ ದೊಡ್ಡ ಕುಸಿತ' ಅನ್ನುವ ತಲೆಬರಹಕ್ಕೆ ಅಷ್ಟು ಸಾಕಾಯಿತು. ಇನ್ನೊಂದು ದಿನ 1987ರ ಅಕ್ಟೋಬರ್ 19, ಸೋಮವಾರ. ಅವತ್ತು ಇಳಿದದ್ದು 508 ಅಂಶ. ಯಾವುದು ದೊಡ್ಡದು? 1987ರಲ್ಲಿ ಛೇದ 2,246. 2018ರಲ್ಲಿ ಸುಮಾರು 25,500. ಅಂದರೆ 1987ರದ್ದು ಶೇ 22.6, 2018ರದ್ದು ಶೇ 4.6. ಒಂದು ಮನೆಯ ಚಾವಣಿಯೇ ಕುಸಿದ ಹಾಗೆ, ಇನ್ನೊಂದು ಎರಡು ಹೆಂಚು ಜಾರಿದ ಹಾಗೆ. ನಿಮ್ಮ ರೀತಿಯಲ್ಲಿ ಬರೆದರೆ ಹೆಂಚು ಜಾರಿದ್ದೇ ದೊಡ್ಡ ಸುದ್ದಿ. ಇನ್ನೊಂದು ತಮಾಷೆ ಅಂದರೆ, ಆ 1987ರ ಕೊನೆಯ ದಿನ ಡೌ ಎಲ್ಲಿತ್ತು ಗೊತ್ತಾ? ವರ್ಷ ಶುರುವಾದಾಗ ಇದ್ದದ್ದಕ್ಕಿಂತ ಸ್ವಲ್ಪ ಮೇಲೆಯೇ ಇತ್ತು. ಜನವರಿಯಲ್ಲಿ ಮಲಗಿ ಡಿಸೆಂಬರಿನಲ್ಲಿ ಎದ್ದವರಿಗೆ ಅಂಥದ್ದೊಂದು ಸೋಮವಾರ ಬಂದು ಹೋದದ್ದೇ ತಿಳಿಯುತ್ತಿರಲಿಲ್ಲ.

ಸೂಚ್ಯಂಕ ಬೆಳೆದಷ್ಟೂ ಅಂಶಗಳು ಊದಿಕೊಳ್ಳುತ್ತವೆ. ಇನ್ನು ಹತ್ತು ವರ್ಷಕ್ಕೆ ಮಾಮೂಲಿ ಮಂಗಳವಾರದ ಏರಿಳಿತವೂ 'ದಾಖಲೆ' ಆಗಿಬಿಡಬಹುದು. ಆಗ ಏನು ಬರೆಯುತ್ತೀರಿ?

ಇದನ್ನು ಇಷ್ಟು ಹಟ ಹಿಡಿದು ಬರೆಯುವುದಕ್ಕೆ ಕಾರಣ ನನ್ನದೇ ಒಂದು ಪೆದ್ದತನ. 2008ರಲ್ಲಿ ನನ್ನ ಉಳಿತಾಯದ ಮೂರನೇ ಒಂದು ಭಾಗ ಷೇರು ಫಂಡುಗಳಲ್ಲಿತ್ತು. ಆ ದುಡ್ಡು ಹತ್ತು ವರ್ಷ ನನಗೆ ಬೇಕಾಗಿರಲಿಲ್ಲ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಅಕ್ಟೋಬರಿನಲ್ಲಿ ದಿನಾ ಬೆಳಿಗ್ಗೆ ಕೆಂಪು ಬಾಣ, ತಲೆ ಮೇಲೆ ಕೈ ಹೊತ್ತು ಕೂತವರ ಫೋಟೋ. ಹದಿನೈದು ದಿನ ತಡೆದುಕೊಂಡೆ. ಹದಿನಾರನೇ ದಿನ ಸ್ಟಾಫ್ ರೂಮಿನಿಂದಲೇ ಫೋನ್ ಮಾಡಿ ಎಲ್ಲ ಮಾರಿಸಿಬಿಟ್ಟೆ. ಆಮೇಲೆ ಪೇಟೆ ಇನ್ನೂ ಇಳಿಯಿತು. ಐದು ತಿಂಗಳು ನಾನು ಬಹಳ ಬುದ್ಧಿವಂತೆ ಅಂದುಕೊಂಡಿದ್ದೆ. 2009ರ ಮಾರ್ಚ್ 9ರ ಹೊತ್ತಿಗೆ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ತನ್ನ ಎತ್ತರದಿಂದ ಶೇ 57ರಷ್ಟು ಕೆಳಗಿತ್ತು. ಆಮೇಲೆ ಏರತೊಡಗಿತು. ನಾನು ಮಾತ್ರ 'ಇನ್ನೊಂದು ಸಲ ಇಳಿಯಲಿ, ಆಗ ಕೊಳ್ಳೋಣ' ಅಂತ ಕಾಯುತ್ತಾ ಕೂತೆ. ಕೊನೆಗೆ ವಾಪಸ್ ಹೋದದ್ದು 2011ರಲ್ಲಿ. ಮಾರಿದ್ದಕ್ಕಿಂತ ಜಾಸ್ತಿ ಬೆಲೆ ಕೊಟ್ಟು ಅದೇ ಫಂಡುಗಳನ್ನು ಕೊಂಡುಕೊಂಡೆ. ಗಣಿತದ ಟೀಚರ್!

ತಪ್ಪು ನನ್ನದೇ. ಪತ್ರಿಕೆ ಓದಿ ಹೆದರಿದೆ ಅಂತ ಪತ್ರಿಕೆಯ ಮೇಲೆ ಹಾಕುವುದಿಲ್ಲ. ಆದರೆ ಅವತ್ತಿನ ತಲೆಬರಹದ ಕೆಳಗೆ ಒಂದೇ ಒಂದು ಸಾಲು, 'ಇಷ್ಟು ಶೇಕಡಾ ಇಳಿತ ಹಿಂದೆ ಇಂಥ ಇಂಥ ವರ್ಷ ಆಗಿತ್ತು, ಹಳೆಯ ಎತ್ತರಕ್ಕೆ ಬರಲು ಇಷ್ಟು ತಿಂಗಳು ಹಿಡಿದಿತ್ತು' ಅಂತ ಇದ್ದಿದ್ದರೆ, ಫೋನ್ ಎತ್ತುವ ಮೊದಲು ಒಂದು ನಿಮಿಷ ಯೋಚನೆ ಮಾಡುತ್ತಿದ್ದೆನೋ ಏನೋ.

2020ರಲ್ಲಿ ಕೊರೊನಾ ಬಂದು ಪೇಟೆ ಬಿದ್ದಾಗ ಮಾರಲಿಲ್ಲ. ಧೈರ್ಯ ಬಂದಿತ್ತು ಅಂತಲ್ಲ. ಪೇಪರನ್ನು ಮಧ್ಯಾಹ್ನ ಊಟವಾದ ಮೇಲೆ ಓದುವ ಅಭ್ಯಾಸ ಮಾಡಿಕೊಂಡಿದ್ದೆ, ಅಷ್ಟೇ. ಆ ವರ್ಷ ಮಾರ್ಚ್ 16ರಂದು ಡೌ ಶೇ 12.9 ಬಿತ್ತು. ಎಂಟು ದಿನ ಬಿಟ್ಟು, ಮಾರ್ಚ್ 24ಕ್ಕೆ, ಶೇ 11.4 ಏರಿತು. 1933ರ ನಂತರ ಒಂದೇ ದಿನದಲ್ಲಿ ಅಷ್ಟು ಏರಿದ್ದು ಅದೇ ಮೊದಲು. ಆಗಸ್ಟ್ 18ರ ಹೊತ್ತಿಗೆ ಎಸ್ ಆ್ಯಂಡ್ ಪಿ 500 ಫೆಬ್ರುವರಿಯ ಎತ್ತರವನ್ನೇ ದಾಟಿತ್ತು. ಬೀಳುವ ದಿನ, ಏಳುವ ದಿನ ಎರಡೂ ಹೀಗೆ ಪಕ್ಕಪಕ್ಕದಲ್ಲೇ ಬರುತ್ತವೆ. ಒಂದನ್ನು ತಪ್ಪಿಸಿಕೊಳ್ಳಲು ಓಡಿದವರಿಗೆ ಇನ್ನೊಂದೂ ತಪ್ಪಿಹೋಗುತ್ತದೆ.

ಇಷ್ಟು ಹೇಳಿದ ಕೂಡಲೇ ನಿಮ್ಮ ಭಾನುವಾರದ ಅಂಕಣಕಾರರಿಗೆ ಖುಷಿಯಾಗಬಹುದು. 'ದೀರ್ಘಾವಧಿಯಲ್ಲಿ ಷೇರಿನಲ್ಲಿ ನಷ್ಟವೇ ಇಲ್ಲ' ಅನ್ನುವುದು ಅವರ ಪಲ್ಲವಿ. ಅವರ ಮೇಲೂ ನನ್ನ ಪೆನ್ನು ಓಡಿದೆ. ಎಷ್ಟು ದೀರ್ಘ? ಡೌ 1929ರ ಸೆಪ್ಟೆಂಬರಿನಲ್ಲಿ 381ರಲ್ಲಿತ್ತು. 1932ರ ಜುಲೈನಲ್ಲಿ 41. ಮತ್ತೆ 381 ಕಂಡದ್ದು 1954ರಲ್ಲಿ. ಸೂಚ್ಯಂಕದಲ್ಲಿ ಡಿವಿಡೆಂಡ್, ಅಂದರೆ ಕಂಪನಿಗಳು ಷೇರುದಾರರಿಗೆ ಹಂಚುವ ಲಾಭ, ಸೇರುವುದಿಲ್ಲ, ಅದನ್ನು ಸೇರಿಸಿದರೆ ಕಾಯಬೇಕಾದ ಕಾಲ ಕಡಿಮೆಯಾಗುತ್ತದೆ. ನಿಜ. ಆದರೂ ಅದು ಚಿಕ್ಕ ಕಾಯುವಿಕೆ ಅಲ್ಲ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ಕ್ಕೆ ಮುಟ್ಟಿತ್ತು. ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿ 22ಕ್ಕೆ. ಮೂವತ್ತನಾಲ್ಕು ವರ್ಷ! ನಾನು ಪಾಠ ಮಾಡಿದ್ದಕ್ಕಿಂತ ಜಾಸ್ತಿ. ಮೂವತ್ತರಲ್ಲಿ ಹಾಕಿದವರು ಅರವತ್ತನಾಲ್ಕಕ್ಕೆ ಅಸಲು ನೋಡಿದರು. ಎಲ್ಲ ದುಡ್ಡನ್ನೂ ಒಂದೇ ದೇಶದ ಷೇರಿನಲ್ಲಿ, ಒಂದೇ ಸಲ ಹಾಕಿದವರ ಲೆಕ್ಕ ಇದು.

ಹಂಚಿ ಹಾಕಬೇಕು ಅನ್ನುವುದು ಅಜ್ಜಿಯರ ಕಾಲದ ಬುದ್ಧಿ. ಅದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ ಆ ಪ್ರಬಂಧ ಬಂದಾಗ ಅವರಿಗೆ 24 ವರ್ಷ. ಎಷ್ಟು ಬಗೆಯದ್ದು ಇಟ್ಟುಕೊಂಡಿದ್ದೀರಿ ಅನ್ನುವುದಕ್ಕಿಂತ, ಒಂದು ಬಿದ್ದಾಗ ಇನ್ನೊಂದೂ ಜೊತೆಗೇ ಬೀಳುತ್ತದಾ ಅನ್ನುವುದು ಮುಖ್ಯ ಅಂತ ತೋರಿಸಿದರು. ಹತ್ತು ಫಂಡು ಇಟ್ಟುಕೊಂಡು ಹತ್ತರಲ್ಲೂ ಅವೇ ಕಂಪನಿಗಳಿದ್ದರೆ ಹಂಚಿದಂತಾಗಲಿಲ್ಲ. 1990ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ತಮ್ಮ ನಿವೃತ್ತಿಯ ಹಣವನ್ನು ಮಾತ್ರ ಆ ಸೂತ್ರ ಬಿಟ್ಟು ಸುಮ್ನೆ ಅರ್ಧ ಷೇರು, ಅರ್ಧ ಬಾಂಡ್ ಅಂತ ಹಂಚಿದ್ದರಂತೆ. ಆಮೇಲೆ ಪಶ್ಚಾತ್ತಾಪ ಪಡಬಾರದು ಅಂತ! ಈ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅದನ್ನು ಓದಿದ ಮೇಲೆ.

ಛೇದದ ಮಾತಿಗೆ ವಾಪಸ್ ಬರುತ್ತೇನೆ. ಅಂಶ ಬಿಟ್ಟು ಶೇಕಡಾ ಬರೆಯಿರಿ ಅಂತ ನಾನೇ ಹೇಳುತ್ತಿದ್ದೇನೆ, ಆದರೆ ಶೇಕಡಾದಲ್ಲೂ ಒಂದು ಗುಂಡಿ ಇದೆ. ಈಚೆಗೆ ಒಂದು ಅಂಕಣದಲ್ಲಿ 'ಮೊದಲ ವರ್ಷ ಶೇ 30 ನಷ್ಟ, ಎರಡನೇ ವರ್ಷ ಶೇ 40 ಲಾಭ, ಅಂದರೆ ಒಟ್ಟಿಗೆ ಶೇ 10 ಲಾಭ' ಅಂತ ಬಂದಿತ್ತು. ಲೆಕ್ಕ ಹಾಕಿ. ನೂರು ಇದ್ದದ್ದು ಎಪ್ಪತ್ತಾಯಿತು. ಎಪ್ಪತ್ತರ ಶೇ 40 ಅಂದರೆ ಇಪ್ಪತ್ತೆಂಟು. ಕೂಡಿದರೆ ತೊಂಬತ್ತೆಂಟು. ಲಾಭ ಎಲ್ಲಿ ಬಂತು? ಎರಡು ಕೈ ಬಿಟ್ಟಿದೆ. ಛೇದ ನೂರರಿಂದ ಎಪ್ಪತ್ತಕ್ಕೆ ಇಳಿದದ್ದನ್ನು ಬರೆದವರು ನೋಡಲಿಲ್ಲ. ಇದೇ ಕಾರಣಕ್ಕೆ ಶೇ 20 ಕಳೆದುಕೊಂಡವರು ಮೊದಲಿನ ಜಾಗಕ್ಕೆ ಬರಲು ಶೇ 25 ಗಳಿಸಬೇಕು. ಶೇ 50 ಕಳೆದುಕೊಂಡರೆ ಶೇ 100. ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೂ ಇದು ಮೊದಲ ಸಲ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ನಿಮ್ಮವರ ಮೇಲೆ ಕೋಪ ಇಲ್ಲ.

ಸಾಲ ಮಾಡಿ ಷೇರು ಕೊಳ್ಳುವವರ ವಿಷಯದಲ್ಲಂತೂ ಛೇದ ಮರೆತರೆ ಜೀವನವೇ ಏರುಪೇರು. ಹೋದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ತರಗತಿಯಲ್ಲಿ ಬಹಳ ಚುರುಕಾಗಿದ್ದವನು. ಮುಖ ಬಾಡಿತ್ತು. "ಶೇ 6 ಇಳಿದಿದ್ದು ಅಷ್ಟೇ ಟೀಚರ್, ನನ್ನದು ಅರ್ಧಕ್ಕಿಂತ ಜಾಸ್ತಿ ಹೋಯಿತು" ಅಂದ. ಕೈಯಲ್ಲಿದ್ದ ದುಡ್ಡಿನ ಹತ್ತು ಪಟ್ಟು ಫ್ಯೂಚರ್ಸ್ (ಸ್ವಲ್ಪ ಠೇವಣಿ ಕಟ್ಟಿ, ಮುಂದಿನ ದಿನಾಂಕಕ್ಕೆ ಮಾಡಿಕೊಳ್ಳುವ ಖರೀದಿ ಕರಾರು) ಕೊಂಡಿದ್ದ. ನೂರು ತನ್ನದು, ಸಾವಿರದ ವ್ಯಾಪಾರ. ಸಾವಿರದಲ್ಲಿ ಶೇ 6 ಅಂದರೆ ಅರವತ್ತು. ಅದು ಹೋದದ್ದು ಅವನ ನೂರರಿಂದ. ಇನ್ನಷ್ಟು ಮಾರ್ಜಿನ್, ಅಂದರೆ ಠೇವಣಿ, ಕಟ್ಟು ಅಂತ ಬ್ರೋಕರ್ ಕಡೆಯವರಿಂದ ಸಂದೇಶ ಬಂತು. ಕಟ್ಟಲಾಗಲಿಲ್ಲ. ಅವನ ಪಾಲಿನದ್ದನ್ನು ಅವರೇ ಮಾರಿ ಮುಗಿಸಿದರು. ಮುಂದಿನ ವಾರ ಪೇಟೆ ಪೂರ್ತಿ ಚೇತರಿಸಿಕೊಂಡಿತು. ಅವನ ಅಂದಾಜು ಸರಿಯಾಗಿಯೇ ಇತ್ತು, ಕಾಯುವ ಅವಕಾಶ ಮಾತ್ರ ಕೈಯಲ್ಲಿರಲಿಲ್ಲ. 2008ರಲ್ಲಿ ನಾನು ಓಡಿದ್ದು ಹೆದರಿ. ಬೇಕಿದ್ದರೆ ಉಳಿಯಬಹುದಿತ್ತು. ಅವನಿಗೆ ಉಳಿಯುವ ಆಯ್ಕೆಯೇ ಇರಲಿಲ್ಲ.

ಅವನಿಗೆ ಸಮಾಧಾನ ಆಗಲಿ ಅಂತ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ಫಂಡಿನ ಕತೆ ಹೇಳಿದೆ. ಅದರ ಪಾಲುದಾರರಲ್ಲಿ ಮೈರನ್ ಸ್ಕೋಲ್ಸ್, ರಾಬರ್ಟ್ ಮರ್ಟನ್ ಇದ್ದರು. ಇಬ್ಬರಿಗೂ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮರು ವರ್ಷವೇ ಫಂಡು ಮುಳುಗಿತು. ಸ್ವಂತ ಬಂಡವಾಳದ ಸುಮಾರು 25 ಪಟ್ಟು ಸಾಲ ಇತ್ತು. ಹದಿನಾಲ್ಕು ಹಣಕಾಸು ಸಂಸ್ಥೆಗಳು ಸೇರಿ 360 ಕೋಟಿ ಡಾಲರ್ ಹಾಕಿ ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಹುಡುಗ ಸ್ವಲ್ಪ ನಕ್ಕ. "ಅವರಿಗೆ ಹದಿನಾಲ್ಕು ಜನ ಬಂದರಲ್ಲ ಟೀಚರ್" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನು ಈ ವ್ಯಾಪಾರಕ್ಕೆ ಇಳಿದದ್ದು ಹೇಗೆ ಅಂತ ಕೇಳಿದೆ. ಪತ್ರಿಕೆಯಲ್ಲಿ ಬಂದ ಒಂದು ಯಶೋಗಾಥೆ ಓದಿ. ಕೆಲಸ ಬಿಟ್ಟು ಟ್ರೇಡಿಂಗ್ ಮಾಡಿ ಶ್ರೀಮಂತನಾದ ಯುವಕನ ಕತೆ. ಅಲ್ಲೂ ಅಂಶ ಮಾತ್ರ: ಗೆದ್ದವನು ಒಬ್ಬ. ಎಷ್ಟು ಜನರಲ್ಲಿ ಒಬ್ಬ? ಸಂಭವನೀಯತೆ ಪಾಠ ಮಾಡುವಾಗ ಮೂವತ್ತೆರಡು ಮಕ್ಕಳನ್ನು ನಿಲ್ಲಿಸಿ ನಾಣ್ಯ ಚಿಮ್ಮಿಸುತ್ತಿದ್ದೆ. ಹೆಡ್ ಬಿದ್ದವರು ನಿಲ್ಲಿ, ಉಳಿದವರು ಕೂತುಕೊಳ್ಳಿ. ಐದು ಸುತ್ತಾಗುವ ಹೊತ್ತಿಗೆ ಒಬ್ಬರೋ ಇಬ್ಬರೋ ಉಳಿಯುತ್ತಿದ್ದರು. ಒಂದು ಸಲ ಕೊನೆಗೆ ಉಳಿದ ಹುಡುಗಿಯನ್ನು, ಹೇಗಮ್ಮ ಗೆದ್ದೆ ಅಂತ ಕೇಳಿದೆ. ಬಹಳ ಗಂಭೀರವಾಗಿ, ಹೆಬ್ಬೆರಳನ್ನು ಹೇಗೆ ಮಡಚಬೇಕು ಅಂತ ತೋರಿಸಿಕೊಟ್ಟಳು. ಕೂತಿದ್ದವರೆಲ್ಲ ಬೆರಳು ಮಡಚಿ ಅಭ್ಯಾಸ ಶುರು ಮಾಡಿದರು! ನಿಮ್ಮ 'ಕಳೆದ ವರ್ಷದ ಟಾಪ್ ಐದು ಫಂಡುಗಳು' ಪಟ್ಟಿ ನೋಡಿದಾಗಲೆಲ್ಲ ನನಗೆ ಆ ಹೆಬ್ಬೆರಳು ನೆನಪಾಗುತ್ತದೆ. ಆ ಪಟ್ಟಿಗಳನ್ನು ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಾ ಬಂದಿದ್ದೇನೆ. ಒಂದು ವರ್ಷದ ಐದರಲ್ಲಿ ಹೆಚ್ಚಿನವು ಮುಂದಿನ ವರ್ಷದ ಪಟ್ಟಿಯಲ್ಲಿ ಕಾಣುವುದಿಲ್ಲ. ಮುಚ್ಚಿಹೋದ ಫಂಡುಗಳಂತೂ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

'ಹೂಡಿಕೆದಾರರ ಸಂಪತ್ತು ಕರಗಿತು' ಅನ್ನುವ ಸಾಲಿನ ಬಗ್ಗೆಯೂ ಒಂದು ಮಾತು. ಕಂಪನಿಯ ಸಾವಿರ ಷೇರಿನಲ್ಲಿ ಹತ್ತು ಕಡಿಮೆ ಬೆಲೆಗೆ ಕೈ ಬದಲಾದರೂ, ಆ ಬೆಲೆಯಿಂದಲೇ ಸಾವಿರವನ್ನೂ ಗುಣಿಸಿ ಇಷ್ಟು ಕೋಟಿ ಹೋಯಿತು ಅನ್ನುತ್ತೀರಿ. ಅವತ್ತೇ ಮಾರಲೇಬೇಕಾದವರಿಗೆ ಆ ನಷ್ಟ ನಿಜ. ಉಳಿದವರಿಗೆ ಅದು ಅವತ್ತಿನ ಲೆಕ್ಕ. ಮತ್ತೆ 'ಎಲ್ಲರೂ ಮಾರಿದರು' ಅಂತ ದಯವಿಟ್ಟು ಬರೆಯಬೇಡಿ. ಎಲ್ಲರೂ ಮಾರಿದ್ದರೆ ಕೊಂಡವರು ಯಾರು?

ನನ್ನ ಕೋರಿಕೆ ದೊಡ್ಡದಲ್ಲ. ತಲೆಬರಹದಲ್ಲಿ ಅಂಶದ ಬದಲು ಶೇಕಡಾ ಹಾಕಿ. ಪಕ್ಕದಲ್ಲಿ ಒಂದು ಚಿಕ್ಕ ಚೌಕ ಮಾಡಿ, ಈ ಸೂಚ್ಯಂಕ ತನ್ನ ಹಿಂದಿನ ಎತ್ತರ ಮುಟ್ಟಿದ್ದು ಯಾವತ್ತು, ಅಲ್ಲಿಂದ ಈಗ ಎಷ್ಟು ಕೆಳಗಿದೆ ಅಂತ ಬರೆಯಿರಿ. ಏರಿದ ದಿನವೂ ಬರೆಯಿರಿ, ಇಳಿದ ದಿನವೂ ಬರೆಯಿರಿ. ಜಾಗ ಇಲ್ಲ ಅನ್ನಬೇಡಿ. 'ನಾಳೆ ಪೇಟೆ ಹೇಗಿರಬಹುದು' ಅಂತ ದಿನಾ ಒಂದು ಅಂಕಣ ಬರುತ್ತದಲ್ಲ, ಆರು ತಿಂಗಳಿಂದ ಅದನ್ನೂ ತಿದ್ದುತ್ತಿದ್ದೇನೆ. ಬೇಕಿದ್ದರೆ ಆ ಮಾರ್ಕ್ಸ್ ಕಾರ್ಡ್ ಕಳಿಸುತ್ತೇನೆ. ನೋಡಿದ ಮೇಲೆ ಜಾಗ ತಾನಾಗಿಯೇ ಸಿಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗಳು,
ನಿವೃತ್ತ ಗಣಿತ ಶಿಕ್ಷಕಿ